ಅಗ್ಗಕ್ಕೆ ಸಿಗುವ ಸಣ್ಣ ಕಂಪನಿಗಳ ಷೇರು: ಮ್ಯೂಚುವಲ್ ಫಂಡ್ ಮೂಲಕ ಹಣ ಹಾಕೋದು ಹೇಗೆ?

ಸ್ಮಾಲ್ ಕ್ಯಾಪ್ ಫಂಡ್ ಅಂದ ತಕ್ಷಣ ಅದರೊಳಗಿನ ಷೇರುಗಳೆಲ್ಲ ಅಗ್ಗ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕಂಪನಿ ಸಣ್ಣದು ಅನ್ನೋದು ಒಂದು ವಿಷಯ, ಅದರ ಷೇರು ಯೋಗ್ಯತೆಗಿಂತ ಕಡಿಮೆ ಬೆಲೆಗೆ ಸಿಗುತ್ತಿದೆ ಅನ್ನೋದು ಬೇರೆಯೇ ವಿಷಯ. ಈ ಎರಡೂ ಒಟ್ಟಿಗೆ ಇರುವ ಕಡೆ ಹಣ ಹಾಕಬೇಕು, ಆದರೆ ಒಂದೊಂದೇ ಕಂಪನಿಯನ್ನು ಹುಡುಕುತ್ತಾ ಕೂರೋಕೆ ಟೈಮ್ ಇಲ್ಲ ಅನ್ನೋರಿಗೆ ಈ ಲೇಖನ. ಇಂಥ ಫಂಡ್ ತಗೊಳ್ಳಿ ಅಂತ ನಾನು ಹೆಸರು ಹೇಳುವುದಿಲ್ಲ. ಯಾವ ಫಂಡ್ ಎದುರಿಗೆ ಬಂದರೂ ಅದರ ಹೊಟ್ಟೆಯೊಳಗೆ ಏನಿದೆ ಅಂತ ನೀವೇ ನೋಡಿ ತೀರ್ಮಾನ ಮಾಡೋಕೆ ಏನು ಬೇಕೋ ಅದನ್ನು ಹೇಳುತ್ತೇನೆ, ಯಾಕೆಂದರೆ ಈ ಬಗೆಯ ಫಂಡ್‌ಗಳಲ್ಲಿ ಬರೀ ಹೆಸರು ನೋಡಿ ಹಣ ಹಾಕಿದವರ ಕೈಗೆ ಎಷ್ಟೋ ಸಲ ಬೇರೆ ಏನೋ ಬಂದಿರುತ್ತದೆ.

ಮೊದಲು: ಸಣ್ಣದು ಯಾವುದು, ಅಗ್ಗ ಯಾವುದು

ಕಂಪನಿಯ ಒಟ್ಟು ಷೇರುಗಳನ್ನು ಇವತ್ತಿನ ಷೇರು ಬೆಲೆಯಿಂದ ಗುಣಿಸಿದರೆ ಬರುವುದೇ ಮಾರ್ಕೆಟ್ ಕ್ಯಾಪ್. ಅದು ಚಿಕ್ಕದಿದ್ದರೆ ಸ್ಮಾಲ್ ಕ್ಯಾಪ್. ಗೆರೆ ಎಲ್ಲಿ ಎಳೆಯಬೇಕು ಅನ್ನೋದು ಮಾತ್ರ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ರಸೆಲ್ 2000 ಸೂಚ್ಯಂಕ, ರಸೆಲ್ 3000ರಲ್ಲಿರುವ ಕಂಪನಿಗಳ ಪೈಕಿ ಕೆಳಗಿನ ಸುಮಾರು 2000 ಕಂಪನಿಗಳನ್ನು ಇಟ್ಟುಕೊಳ್ಳುತ್ತದೆ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2017ರಲ್ಲಿ ತಂದ ನಿಯಮದಂತೆ ಮಾರ್ಕೆಟ್ ಕ್ಯಾಪ್ ಲೆಕ್ಕದಲ್ಲಿ 251ನೇ ಸ್ಥಾನದಿಂದ ಕೆಳಗಿರುವುದೆಲ್ಲ ಸ್ಮಾಲ್ ಕ್ಯಾಪ್. ಹಾಗಾಗಿ ಒಂದು ದೇಶದಲ್ಲಿ ಸಣ್ಣದು ಅನ್ನಿಸಿಕೊಂಡ ಕಂಪನಿ ಇನ್ನೊಂದು ದೇಶದಲ್ಲಿ ದೊಡ್ಡ ಕಂಪನಿಗಳ ಸಾಲಿನಲ್ಲಿ ಕೂರಬಹುದು. ನೀವು ನೋಡುತ್ತಿರುವ ಫಂಡ್ ಯಾವ ಗೆರೆಯನ್ನು ಒಪ್ಪಿಕೊಂಡಿದೆ ಅಂತ ಮೊದಲು ತಿಳಿದುಕೊಳ್ಳಿ.

ಇನ್ನು ಅಗ್ಗ. ಇಲ್ಲಿ ಎಡವುವವರು ಬಹಳ. ಒಂದು ಷೇರಿನ ಬೆಲೆ 20, ಇನ್ನೊಂದರದ್ದು 2000 ಅಂತಿಟ್ಟುಕೊಳ್ಳಿ. ಮೊದಲ ಕಂಪನಿ ಒಂದು ಷೇರಿಗೆ ವರ್ಷಕ್ಕೆ ಅರ್ಧ ರೂಪಾಯಿ ಲಾಭ ಮಾಡುತ್ತದೆ, ಎರಡನೆಯದು 250 ರೂಪಾಯಿ. ಬೆಲೆಯನ್ನು ಲಾಭದಿಂದ ಭಾಗಿಸಿ. ಮೊದಲನೆಯದಕ್ಕೆ 40 ಬರುತ್ತದೆ, ಎರಡನೆಯದಕ್ಕೆ 8. ಇದೇ ಪಿಇ. ಅಂದರೆ 20ರ ಷೇರು ದುಬಾರಿ, 2000ದ ಷೇರು ಅಗ್ಗ. ಷೇರು ಬೆಲೆ ಅನ್ನೋ ಅಂಕಿ ಒಂದೇ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಇದೇ ಮಾತು ಫಂಡ್‌ನ ಎನ್‌ಎವಿಗೂ, ಅಂದರೆ ಅದರ ಒಂದು ಯೂನಿಟ್‌ನ ಬೆಲೆಗೂ ಅನ್ವಯಿಸುತ್ತದೆ. ಎನ್‌ಎವಿ 10 ಇರುವ ಹೊಸ ಫಂಡ್ ಅಗ್ಗ, 400 ಇರುವ ಹಳೆ ಫಂಡ್ ದುಬಾರಿ ಅನ್ನುವ ಲೆಕ್ಕ ಪೂರ್ತಿ ತಪ್ಪು. ಎರಡರಲ್ಲೂ ಒಂದೇ ಷೇರುಗಳಿದ್ದರೆ ನಿಮ್ಮ ಹಣ ಬೆಳೆಯುವುದೂ ಕರಗುವುದೂ ಒಂದೇ ಪ್ರಮಾಣದಲ್ಲಿ.

ಪಿಇ ಜೊತೆಗೆ ಪಿಬಿ ಅಂತ ಇನ್ನೊಂದು ಅಳತೆ ಇದೆ. ಕಂಪನಿಯ ಆಸ್ತಿಯಲ್ಲಿ ಸಾಲವನ್ನೆಲ್ಲ ಕಳೆದು ಉಳಿದಿದ್ದನ್ನು ಷೇರುಗಳಿಗೆ ಹಂಚಿದರೆ ಬುಕ್ ವ್ಯಾಲ್ಯೂ. ಷೇರು ಬೆಲೆಯನ್ನು ಅದರಿಂದ ಭಾಗಿಸಿದರೆ ಪಿಬಿ. ಒಂದಕ್ಕಿಂತ ಕಡಿಮೆ ಅಂದರೆ ಲೆಕ್ಕದ ಪುಸ್ತಕದಲ್ಲಿರುವ ಬೆಲೆಗಿಂತ ಕಡಿಮೆಗೆ ಷೇರು ಸಿಗುತ್ತಿದೆ ಅಂತ. ಸಾಲವನ್ನೂ ಸೇರಿಸಿ ನೋಡುವ ಅಳತೆಗಳು, ಕೈಗೆ ಬರುವ ನಗದಿನ ಮೇಲೆ ನೋಡುವ ಅಳತೆಗಳು ಬೇರೆ ಇವೆ. ಒಳ್ಳೆ ಫಂಡ್‌ಗಳು ಒಂದೇ ಅಳತೆಗೆ ಜೋತುಬೀಳುವುದಿಲ್ಲ.

ಅಗ್ಗ ಯಾಕೆ ಆಗಿರುತ್ತವೆ, ಅದರಿಂದ ನಮಗೇನು ಲಾಭ

ಸಣ್ಣ ಕಂಪನಿಗಳನ್ನು ಗಮನಿಸುವವರು ಕಡಿಮೆ. ದೊಡ್ಡ ಕಂಪನಿಯೊಂದರ ಬಗ್ಗೆ ಹತ್ತಾರು ವಿಶ್ಲೇಷಕರು ವರದಿ ಬರೆಯುತ್ತಾರೆ, ಸಣ್ಣದರ ಬಗ್ಗೆ ಒಬ್ಬರೋ ಇಬ್ಬರೋ, ಎಷ್ಟೋ ಕಂಪನಿಗಳಿಗೆ ಅದೂ ಇಲ್ಲ. ದೊಡ್ಡ ಫಂಡ್‌ಗಳು ಕೊಳ್ಳೋಕೆ ಹೋದರೆ ಬೇಕಾದಷ್ಟು ಷೇರು ಸಿಗುವುದಿಲ್ಲ, ಹಾಗಾಗಿ ಅವು ಆ ಕಡೆ ತಿರುಗಿಯೂ ನೋಡುವುದಿಲ್ಲ. ಜೊತೆಗೆ ನಿಜವಾದ ಅಪಾಯಗಳೂ ಇರುತ್ತವೆ. ಒಂದೇ ದೊಡ್ಡ ಗಿರಾಕಿಯ ಮೇಲೆ ನಿಂತ ವ್ಯಾಪಾರ, ಬ್ಯಾಂಕ್ ಕೈಬಿಟ್ಟರೆ ಬೇರೆ ಕಡೆ ಸಾಲ ಹುಟ್ಟದ ಪರಿಸ್ಥಿತಿ, ಒಂದು ಕೆಟ್ಟ ವರ್ಷ ಬಂದರೆ ತಡೆದುಕೊಳ್ಳೋಕೆ ಆಗದಷ್ಟು ತೆಳುವಾದ ಲಾಭ. ಈ ಅಪಾಯ ಹೊರುವವರಿಗೆ ಮಾರುಕಟ್ಟೆ ಕಡಿಮೆ ಬೆಲೆಗೆ ಷೇರು ಕೊಡುತ್ತದೆ.

ಇದರ ಮೇಲೆ ನಡೆದ ಅಧ್ಯಯನಗಳನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು, ಯಾಕೆಂದರೆ ಫಂಡ್ ಮಾರುವವರು ಇದರಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಹೇಳುತ್ತಾರೆ. 1981ರಲ್ಲಿ ರಾಲ್ಫ್ ಬಾಂಜ್ ನ್ಯೂಯಾರ್ಕ್ ಷೇರುಪೇಟೆಯ ದಶಕಗಳ ಅಂಕಿ ಅಂಶ ನೋಡಿ, ಸಣ್ಣ ಕಂಪನಿಗಳು ದೊಡ್ಡವಕ್ಕಿಂತ ಹೆಚ್ಚು ಗಳಿಸಿವೆ ಅಂತ ತೋರಿಸಿದರು. 1992ರಲ್ಲಿ ಯೂಜಿನ್ ಫಾಮಾ ಮತ್ತು ಕೆನೆತ್ ಫ್ರೆಂಚ್, ಸಣ್ಣದಾಗಿರುವುದರ ಜೊತೆಗೆ ಬುಕ್ ವ್ಯಾಲ್ಯೂಗೆ ಹೋಲಿಸಿದರೆ ಅಗ್ಗವಾಗಿರುವುದೂ ಮುಖ್ಯ ಅಂತ ತೋರಿಸಿದರು. ಫಾಮಾ ಅವರಿಗೆ 2013ರಲ್ಲಿ ನೊಬೆಲ್ ಸ್ಮಾರಕ ಪ್ರಶಸ್ತಿಯೂ ಬಂತು. ಮಾರಾಟದವರು ಹೇಳೋದು ಇಲ್ಲಿಯವರೆಗೆ.

ಮುಂದಿನದ್ದನ್ನೂ ಕೇಳಿ. ಬಾಂಜ್ ಅವರ ಅಧ್ಯಯನ ಬಂದ ನಂತರದ ವರ್ಷಗಳಲ್ಲಿ ಬರೀ ಸಣ್ಣದು ಅನ್ನೋ ಕಾರಣಕ್ಕೆ ಸಿಗುತ್ತಿದ್ದ ಹೆಚ್ಚಿನ ಲಾಭ ತುಂಬಾ ತೆಳುವಾಯಿತು. 1999ರಲ್ಲಿ ಟೈಲರ್ ಶಮ್‌ವೇ ಮತ್ತು ವಿನ್ಸೆಂಟ್ ವಾರ್ಥರ್ ಇನ್ನೊಂದು ವಿಷಯ ಹೊರಗೆ ತಂದರು: ಮುಳುಗಿಹೋಗಿ ಷೇರುಪೇಟೆಯಿಂದಲೇ ತೆಗೆದುಹಾಕಿದ ಕಂಪನಿಗಳ ನಷ್ಟ ಅಂಕಿ ಅಂಶಗಳಲ್ಲಿ ಸರಿಯಾಗಿ ದಾಖಲಾಗಿರಲಿಲ್ಲ, ಅದನ್ನು ಸೇರಿಸಿದರೆ ನಾಸ್ಡಾಕ್ ಅನ್ನೋ ಅಮೆರಿಕದ ಇನ್ನೊಂದು ಷೇರುಪೇಟೆಯ ಸಣ್ಣ ಕಂಪನಿಗಳ ಹೆಚ್ಚುವರಿ ಲಾಭವೇ ಕಾಣೆಯಾಗುತ್ತದೆ. ಆಮೇಲೆ 2018ರಲ್ಲಿ ಕ್ಲಿಫ್ ಆ್ಯಸ್ನೆಸ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಈ ಗೊಂದಲವನ್ನು ಒಂದು ಮಟ್ಟಿಗೆ ಬಿಡಿಸಿತು. ಸಣ್ಣ ಕಂಪನಿಗಳ ಗುಂಪಿನಲ್ಲಿ ಕಳಪೆ ಕಂಪನಿಗಳು ತುಂಬಿಕೊಂಡಿರುತ್ತವೆ, ಅವು ಇಡೀ ಗುಂಪಿನ ಫಲಿತಾಂಶವನ್ನು ಕೆಳಗೆ ಎಳೆಯುತ್ತವೆ, ಗುಣಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಣ್ಣದರ ಲಾಭ ಮತ್ತೆ ಕಾಣಿಸುತ್ತದೆ ಅನ್ನೋದು ಅದರ ಸಾರ. ಫಾಮಾ ಮತ್ತು ಫ್ರೆಂಚ್ ಕೂಡ 2015ರಲ್ಲಿ ತಮ್ಮ ಲೆಕ್ಕಾಚಾರಕ್ಕೆ ಕಂಪನಿಯ ಲಾಭದಾಯಕತೆಯನ್ನು ಸೇರಿಸಿಕೊಂಡರು.

ನನ್ನ ಪ್ರಕಾರ ಇಡೀ ವಿಷಯದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ್ದು ಇದನ್ನೇ. ಸಣ್ಣದು ಮತ್ತು ಅಗ್ಗ ಎರಡೇ ಸಾಲದು. ಕಂಪನಿ ನಿಜವಾಗಿ ಲಾಭ ಮಾಡುತ್ತಿರಬೇಕು. ಲಾಭ ಇಲ್ಲದ, ಸಾಲ ಏರುತ್ತಿರುವ ಕಂಪನಿಯ ಷೇರು ಅಗ್ಗವಾಗಿರುವುದಕ್ಕೆ ಸರಿಯಾದ ಕಾರಣವೇ ಇರುತ್ತದೆ, ಅದು ಮುಂದಿನ ವರ್ಷ ಇನ್ನೂ ಅಗ್ಗವಾಗುತ್ತದೆ, ಅದರ ಮುಂದಿನ ವರ್ಷ ಕಂಪನಿಯೇ ಇರುವುದಿಲ್ಲ. ವ್ಯಾಲ್ಯೂ ಟ್ರ್ಯಾಪ್ ಅನ್ನೋದು ಇದಕ್ಕೇ.

ಫ್ಯಾಕ್ಟ್‌ಶೀಟ್ ತೆರೆದು ಕೂರಿ

ಫಂಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಫ್ಯಾಕ್ಟ್‌ಶೀಟ್, ಅಂದರೆ ಫಂಡ್‌ನ ವಿವರಗಳ ಪಟ್ಟಿ ಹಾಕುತ್ತಾರೆ. ಮೊದಲ ಪುಟದಲ್ಲೇ ಕಳೆದ ಒಂದು ವರ್ಷ, ಮೂರು ವರ್ಷ, ಐದು ವರ್ಷದ ರಿಟರ್ನ್ ದಪ್ಪಕ್ಷರದಲ್ಲಿ ಇರುತ್ತದೆ. ಅದನ್ನು ಕೊನೆಗೆ ನೋಡೋಣ, ಸದ್ಯಕ್ಕೆ ಪುಟ ತಿರುವಿ.

ಶುರು ಮಾಡಬೇಕಾದ್ದು ಸ್ಟೈಲ್ ಬಾಕ್ಸ್‌ನಿಂದ. ಮಾರ್ನಿಂಗ್‌ಸ್ಟಾರ್ ಸಂಸ್ಥೆ ತಂದ ಒಂಬತ್ತು ಚೌಕಗಳ ಚಿತ್ರ ಇದು. ಮೇಲಿಂದ ಕೆಳಕ್ಕೆ ದೊಡ್ಡ, ಮಧ್ಯಮ, ಸಣ್ಣ ಕಂಪನಿಗಳು. ಎಡದಿಂದ ಬಲಕ್ಕೆ ವ್ಯಾಲ್ಯೂ (ಅಗ್ಗದ ಷೇರು), ಬ್ಲೆಂಡ್ (ಎರಡರ ಮಿಶ್ರಣ), ಗ್ರೋತ್ (ಬೆಳೆಯುತ್ತದೆ ಅನ್ನೋ ನಿರೀಕ್ಷೆಯ ಷೇರು). ನಮಗೆ ಬೇಕಾದ್ದು ಎಡಗಡೆಯ ಕೆಳಮೂಲೆ. ಹೆಸರಿನಲ್ಲಿ ‘ವ್ಯಾಲ್ಯೂ’ ಅಂತ ಇರುವ ಎಷ್ಟೋ ಫಂಡ್‌ಗಳು ಎಡಗಡೆಯ ಮೇಲ್ಮೂಲೆಯಲ್ಲಿ, ಅಂದರೆ ದೊಡ್ಡ ಕಂಪನಿಗಳಲ್ಲಿ ಇರುತ್ತವೆ. ‘ಸ್ಮಾಲ್ ಕ್ಯಾಪ್’ ಅಂತ ಇರುವ ಎಷ್ಟೋ ಫಂಡ್‌ಗಳು ಬಲಗಡೆಯ ಕೆಳಮೂಲೆಯಲ್ಲಿ, ಅಂದರೆ ಬೆಳೆಯುತ್ತವೆ ಅನ್ನೋ ಆಸೆಯ ಮೇಲೆ ದುಬಾರಿ ಬೆಲೆ ತೆತ್ತ ಕಂಪನಿಗಳಲ್ಲಿ ಇರುತ್ತವೆ. ಈ ಮೂಲೆಯಲ್ಲೇ, ಅದರಲ್ಲೂ ಲಾಭವಿಲ್ಲದ ಸಣ್ಣ ಗ್ರೋತ್ ಕಂಪನಿಗಳಲ್ಲೇ, ಇತಿಹಾಸದ ಅತಿ ಕೆಟ್ಟ ಫಲಿತಾಂಶಗಳು ಬಂದಿರುವುದು.

ಸ್ಟೈಲ್ ಬಾಕ್ಸ್ ಒಂದು ಕ್ಷಣದ ಚಿತ್ರ ಮಾತ್ರ. ಅದಕ್ಕೆ ಮೂರು ನಾಲ್ಕು ವರ್ಷದ ಹಳೆಯ ಫ್ಯಾಕ್ಟ್‌ಶೀಟ್‌ಗಳನ್ನೂ ತೆಗೆದು ನೋಡಿ. ಒಂದು ವರ್ಷ ವ್ಯಾಲ್ಯೂ, ಇನ್ನೊಂದು ವರ್ಷ ಗ್ರೋತ್, ಮತ್ತೊಂದು ವರ್ಷ ಮಿಡ್ ಕ್ಯಾಪ್ ಅಂತ ಅಲೆದಾಡುತ್ತಿದ್ದರೆ ಆ ಮ್ಯಾನೇಜರ್‌ಗೆ ಒಂದು ದಾರಿ ಅಂತ ಇಲ್ಲ. ಇನ್ನೊಂದು ಸಾಧ್ಯತೆಯೂ ಇದೆ: ಸಣ್ಣದಾಗಿದ್ದಾಗ ಕೊಂಡ ಕಂಪನಿಗಳು ದೊಡ್ಡದಾಗಿ ಬೆಳೆದಿವೆ, ಮಾರಲು ಮನಸ್ಸು ಬರದೆ ಹಾಗೇ ಇಟ್ಟುಕೊಂಡಿದ್ದಾರೆ. ಅದರಿಂದ ಹಳೆಯ ಹೂಡಿಕೆದಾರರಿಗೆ ಒಳ್ಳೆಯದಾಗಿರಬಹುದು, ಇವತ್ತು ಹೊಸದಾಗಿ ಹಣ ಹಾಕುವ ನಿಮಗೆ ಸಿಗುವುದು ಮಾತ್ರ ದೊಡ್ಡದಾದ, ದುಬಾರಿಯಾದ ಕಂಪನಿ. ನಿಯಮಗಳೂ ಸ್ವಲ್ಪ ಸಡಿಲ ಬಿಡುತ್ತವೆ. ಭಾರತದಲ್ಲಿ ಸ್ಮಾಲ್ ಕ್ಯಾಪ್ ಫಂಡ್ ಕನಿಷ್ಠ 65% ಸಣ್ಣ ಕಂಪನಿಗಳಲ್ಲಿ ಇಡಬೇಕು ಅಂತ 2017ರ ನಿಯಮ ಹೇಳಿತು. ಅಂದರೆ ಉಳಿದ ಭಾಗ ಎಲ್ಲಿ ಬೇಕಾದರೂ ಇರಬಹುದು.

ಈಗ ಪೋರ್ಟ್‌ಫೋಲಿಯೋದ, ಅಂದರೆ ಫಂಡ್‌ನಲ್ಲಿರುವ ಎಲ್ಲ ಷೇರುಗಳ ಒಟ್ಟು ಪಿಇ ಮತ್ತು ಪಿಬಿ ನೋಡಿ. ಬರೀ ಅಂಕಿ ನೋಡಿ ‘14 ಅಂತೆ, ಪರವಾಗಿಲ್ಲ’ ಅನ್ನಬೇಡಿ. ಅದೇ ತಿಂಗಳಿನ ಸ್ಮಾಲ್ ಕ್ಯಾಪ್ ಸೂಚ್ಯಂಕದ ಪಿಇ ಎಷ್ಟು ಅಂತ ಪಕ್ಕದಲ್ಲಿಟ್ಟು ನೋಡಿ. ಸೂಚ್ಯಂಕ 22, ಫಂಡ್ 14 ಅಂದರೆ ಫಂಡ್ ನಿಜವಾಗಿ ಅಗ್ಗದ ಕಡೆ ವಾಲಿದೆ. ಸೂಚ್ಯಂಕ 15, ಫಂಡ್ 14 ಅಂದರೆ ವ್ಯಾಲ್ಯೂ ಅನ್ನೋ ಹೆಸರಿಗೆ ಸುಮ್ನೆ ಹೆಚ್ಚಿಗೆ ಶುಲ್ಕ ಕೊಡುತ್ತಿದ್ದೀರಿ ಅಂತ.

ಇಲ್ಲೊಂದು ಸಣ್ಣ ವಿಷಯ ಇದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಷ್ಟದಲ್ಲಿರುವ ಕಂಪನಿಗೆ ಪಿಇ ಅನ್ನೋದೇ ಇರುವುದಿಲ್ಲ. ಹಾಗಾಗಿ ಇಡೀ ಪೋರ್ಟ್‌ಫೋಲಿಯೋದ ಪಿಇ ಲೆಕ್ಕ ಹಾಕುವಾಗ ಇಂಥ ಕಂಪನಿಗಳನ್ನು ಎಷ್ಟೋ ಕಡೆ ಬಿಟ್ಟೇಬಿಡುತ್ತಾರೆ. ಕಾಲು ಭಾಗ ಕಂಪನಿಗಳು ನಷ್ಟದಲ್ಲಿದ್ದರೂ ಫ್ಯಾಕ್ಟ್‌ಶೀಟ್‌ನಲ್ಲಿ ಚೆಂದದ ಪಿಇ ಕಾಣಬಹುದು. ಲೆಕ್ಕದ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ನಷ್ಟದ ಕಂಪನಿಗಳನ್ನು ಹೊರತುಪಡಿಸಿ’ ಅಂತ ಇದೆಯಾ ಹುಡುಕಿ. ಸೂಚ್ಯಂಕದ ವಿಷಯದಲ್ಲೂ ಇದೇ ವ್ಯತ್ಯಾಸ ಇದೆ. ರಸೆಲ್ 2000 ಕಂಪನಿ ಲಾಭದಲ್ಲಿದೆಯೋ ಇಲ್ಲವೋ ಅಂತ ಕೇಳುವುದಿಲ್ಲ. ಎಸ್ ಆ್ಯಂಡ್ ಪಿ ಸ್ಮಾಲ್‌ಕ್ಯಾಪ್ 600ಕ್ಕೆ ಹೊಸದಾಗಿ ಸೇರಬೇಕಾದ ಕಂಪನಿ ಇತ್ತೀಚಿನ ತ್ರೈಮಾಸಿಕದಲ್ಲೂ, ಇತ್ತೀಚಿನ ನಾಲ್ಕು ತ್ರೈಮಾಸಿಕಗಳ ಒಟ್ಟು ಲೆಕ್ಕದಲ್ಲೂ ಲಾಭ ತೋರಿಸಿರಬೇಕು. ಎರಡೂ ಸಣ್ಣ ಕಂಪನಿಗಳ ಸೂಚ್ಯಂಕಗಳೇ, ಆದರೆ ಈ ಒಂದು ನಿಯಮದಿಂದ ಒಳಗಿನ ಸರಕು ಬೇರೆಯಾಗುತ್ತದೆ. ನಾನಾದರೆ ಲಾಭದ ಜರಡಿ ಇರುವ ಕಡೆಗೇ ಹೋಗುತ್ತೇನೆ.

ಟಾಪ್ ಹತ್ತು ಕಂಪನಿಗಳ ಪಟ್ಟಿ ನೋಡಿ. ಹತ್ತೇ ಕಂಪನಿಗಳಲ್ಲಿ ಅರ್ಧ ಹಣ ಇದ್ದರೆ, ಅದು ಸಣ್ಣ ಕಂಪನಿಗಳ ಲೋಕದಲ್ಲಿ ತುಂಬಾ ಧೈರ್ಯದ ಕೆಲಸ. ಇಲ್ಲಿ ಒಂದು ಕಂಪನಿ ಮುಳುಗುವುದು ಅಪರೂಪದ ಸಂಗತಿಯೇನಲ್ಲ, ಆಗಾಗ ಆಗುತ್ತಿರುತ್ತದೆ, ಅದಕ್ಕೇ ನೂರಾರು ಕಂಪನಿಗಳಿಗೆ ಹಂಚಿರುವ ಫಂಡ್ ಬೇಕು ಅನ್ನೋದು. ಹಾಗೆಯೇ ಯಾವ ಉದ್ಯಮದಲ್ಲಿ ಎಷ್ಟು ಹಣ ಇದೆ ಅಂತಲೂ ನೋಡಿ. ಬುಕ್ ವ್ಯಾಲ್ಯೂ ಮೇಲೆ ಅಗ್ಗದ ಷೇರು ಹುಡುಕಿದರೆ ಸಹಜವಾಗಿ ಬ್ಯಾಂಕ್‌ಗಳು, ಹಣಕಾಸು ಕಂಪನಿಗಳು, ರಿಯಲ್ ಎಸ್ಟೇಟ್ ಕಂಪನಿಗಳು ಜಾಸ್ತಿ ಸಿಗುತ್ತವೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಅಲ್ಲಿನ ಪ್ರಾದೇಶಿಕ ಬ್ಯಾಂಕ್‌ಗಳ ಷೇರುಗಳೆಲ್ಲ ಒಟ್ಟಿಗೆ ಬಿದ್ದವು, ಅವುಗಳನ್ನು ಜಾಸ್ತಿ ಇಟ್ಟುಕೊಂಡಿದ್ದ ಸ್ಮಾಲ್ ಕ್ಯಾಪ್ ವ್ಯಾಲ್ಯೂ ಫಂಡ್‌ಗಳಿಗೆ ಪೆಟ್ಟು ಬಿತ್ತು. ನೂರಾರು ಕಂಪನಿ ಇದ್ದರೂ ಎಲ್ಲ ಒಂದೇ ಉದ್ಯಮದಲ್ಲಿದ್ದರೆ ಅದು ಹಂಚಿದಂತೆ ಅಲ್ಲ, ಅಲ್ವಾ?

ಫಂಡ್ ತಾನೇ ಎಷ್ಟು ದೊಡ್ಡದು?

ಸಣ್ಣ ಕಂಪನಿಗಳ ಫಂಡ್‌ನಲ್ಲಿ ಇದು ನಿಜಕ್ಕೂ ದೊಡ್ಡ ಪ್ರಶ್ನೆ. ದೊಡ್ಡ ಕಂಪನಿಗಳ ಫಂಡ್ ಎಷ್ಟು ಬೆಳೆದರೂ ಅಷ್ಟೇನೂ ತೊಂದರೆ ಇಲ್ಲ. ಇಲ್ಲಿ ಹಾಗಲ್ಲ, ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

ಫಂಡ್‌ನಲ್ಲಿ ಒಟ್ಟು 10,000 ಕೋಟಿ ಇದೆ ಅಂದುಕೊಳ್ಳಿ. ಮ್ಯಾನೇಜರ್‌ಗೆ 1,000 ಕೋಟಿ ಮಾರ್ಕೆಟ್ ಕ್ಯಾಪ್‌ನ ಒಂದು ಒಳ್ಳೆಯ, ಅಗ್ಗದ ಕಂಪನಿ ಕಣ್ಣಿಗೆ ಬಿತ್ತು. ಫಂಡ್‌ನ ಬರೀ 1% ಹಾಕಿದರೂ 100 ಕೋಟಿ ಆಯಿತು, ಅಂದರೆ ಆ ಕಂಪನಿಯ ಹತ್ತನೇ ಒಂದು ಭಾಗ. ಆ ಷೇರಿನಲ್ಲಿ ದಿನಕ್ಕೆ 2 ಕೋಟಿ ವಹಿವಾಟು ನಡೆಯುತ್ತದೆ. ಬೆಲೆ ಏರದ ಹಾಗೆ ಕೊಳ್ಳಬೇಕು ಅಂದರೆ ದಿನದ ವಹಿವಾಟಿನ ಕಾಲು ಭಾಗಕ್ಕಿಂತ ಹೆಚ್ಚು ಕೈ ಹಾಕೋಕೆ ಆಗುವುದಿಲ್ಲ ಅಂತಿಟ್ಟುಕೊಳ್ಳೋಣ. ಅಂದರೆ ದಿನಕ್ಕೆ 50 ಲಕ್ಷ. 100 ಕೋಟಿ ಕೊಳ್ಳೋಕೆ 200 ವಹಿವಾಟಿನ ದಿನ ಬೇಕು, ಹೆಚ್ಚುಕಮ್ಮಿ ಹತ್ತು ತಿಂಗಳು. ಅಷ್ಟರಲ್ಲಿ ಆ ಷೇರು ಅಗ್ಗವಾಗಿ ಉಳಿದಿರುತ್ತದಾ? ಮಾರುವಾಗಲೂ ಇದೇ ಕಥೆ, ಅದೂ ಎಲ್ಲರೂ ಹೆದರಿ ಮಾರುತ್ತಿರುವ ಹೊತ್ತಿನಲ್ಲಿ ಆ 2 ಕೋಟಿ ವಹಿವಾಟು 50 ಲಕ್ಷಕ್ಕೆ ಇಳಿದಿರುತ್ತದೆ.

ಹೀಗಾಗಿ ಫಂಡ್ ದೊಡ್ಡದಾದ ಹಾಗೆ ಮ್ಯಾನೇಜರ್‌ಗೆ ಎರಡೇ ದಾರಿ. ಒಂದೋ ಇನ್ನೂ ಇನ್ನೂ ಜಾಸ್ತಿ ಕಂಪನಿಗಳಿಗೆ ಹಂಚಬೇಕು, ಇಲ್ಲ ದೊಡ್ಡ ಕಂಪನಿಗಳ ಕಡೆಗೆ ಸರಿಯಬೇಕು. ಕೆಲವು ಫಂಡ್‌ಗಳು ಒಂದು ಗಾತ್ರ ದಾಟಿದ ಮೇಲೆ ಹೊಸ ಹಣ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತವೆ. ಹಾಗೆ ನಿಲ್ಲಿಸಿದ ಇತಿಹಾಸ ಇದ್ದರೆ ನನಗೆ ಆ ಫಂಡ್ ಮೇಲೆ ಗೌರವ ಜಾಸ್ತಿ, ಯಾಕೆಂದರೆ ಬರುವ ಶುಲ್ಕವನ್ನು ಬಿಟ್ಟುಕೊಟ್ಟು ಒಳಗಿರುವವರ ಹಿತ ಕಾದಿದ್ದಾರೆ. ಭಾರತದಲ್ಲಿ 2024ರಿಂದ ಸ್ಮಾಲ್ ಕ್ಯಾಪ್ ಮತ್ತು ಮಿಡ್ ಕ್ಯಾಪ್ ಫಂಡ್‌ಗಳು ತಮ್ಮ ಪೋರ್ಟ್‌ಫೋಲಿಯೋದ 25% ಮತ್ತು 50% ಮಾರಲು ಎಷ್ಟು ದಿನ ಬೇಕಾಗುತ್ತದೆ ಅಂತ ಸ್ಟ್ರೆಸ್ ಟೆಸ್ಟ್ ಹೆಸರಿನಲ್ಲಿ ಪ್ರಕಟಿಸುತ್ತಿವೆ. ಇಂಥ ಮಾಹಿತಿ ಸಿಗುವ ಕಡೆ ತಪ್ಪದೆ ನೋಡಿ, ಎರಡು ಫಂಡ್‌ಗಳ ಅಂಕಿಯನ್ನು ಅಕ್ಕಪಕ್ಕ ಇಡಿ.

ಇಂಡೆಕ್ಸ್ ಫಂಡ್ ಸಾಕಾ, ಮ್ಯಾನೇಜರ್ ಬೇಕಾ

ಸಣ್ಣ ಕಂಪನಿಗಳಲ್ಲಿ ಹುಡುಕಿದರೆ ಮುತ್ತು ಸಿಗುತ್ತದೆ, ಹಾಗಾಗಿ ಇಲ್ಲಿ ಒಳ್ಳೆ ಮ್ಯಾನೇಜರ್ ಇದ್ದರೆ ಸೂಚ್ಯಂಕವನ್ನು ಹಾಗೇ ನಕಲು ಮಾಡುವ ಇಂಡೆಕ್ಸ್ ಫಂಡ್‌ಗಿಂತ ಮೇಲು ಅನ್ನೋ ಮಾತು ಕೇಳಿರುತ್ತೀರಿ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಎಸ್ ಆ್ಯಂಡ್ ಪಿ ಪ್ರಕಟಿಸುವ ಸ್ಪೀವಾ ವರದಿಗಳನ್ನು ನೋಡಿದರೆ, ಅಮೆರಿಕದಲ್ಲಿ ದೀರ್ಘ ಅವಧಿಯಲ್ಲಿ ಸ್ಮಾಲ್ ಕ್ಯಾಪ್ ಮ್ಯಾನೇಜರ್‌ಗಳಲ್ಲಿ ಬಹುಪಾಲು ಜನ ಸೂಚ್ಯಂಕಕ್ಕಿಂತ ಹಿಂದೆ ಬಿದ್ದಿದ್ದಾರೆ. ಬೇರೆ ದೇಶಗಳಲ್ಲಿ ಪರಿಸ್ಥಿತಿ ಬೇರೆ ಇರಬಹುದು, ಸ್ಮಾಲ್ ಕ್ಯಾಪ್ ವ್ಯಾಲ್ಯೂ ಇಂಡೆಕ್ಸ್ ಫಂಡೇ ಸಿಗದ ಕಡೆಗಳೂ ಇವೆ. ಸಿಕ್ಕರೆ, ಅದೂ ಲಾಭದ ಜರಡಿ ಇರುವಂಥದ್ದು ಸಿಕ್ಕರೆ, ಅದರಿಂದಲೇ ಶುರು ಮಾಡಿ ಅನ್ನೋದು ನನ್ನ ಅಭಿಪ್ರಾಯ.

ಮ್ಯಾನೇಜರ್ ಇರುವ ಫಂಡೇ ಬೇಕು ಅಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈಗಿನ ರಿಟರ್ನ್ ತಂದುಕೊಟ್ಟವರು ಇವರೇನಾ, ಅಥವಾ ಅವರು ಬಿಟ್ಟು ಹೋಗಿ ಬೇರೆಯವರು ಬಂದಿದ್ದಾರಾ? ವ್ಯಾಲ್ಯೂಗೆ ಕೆಟ್ಟ ಕಾಲ ಇದ್ದಾಗ ಇವರು ತಮ್ಮ ದಾರಿ ಬಿಟ್ಟರಾ? ವರ್ಷಕ್ಕೆ ಎಷ್ಟು ಸಲ ಷೇರು ಬದಲಾಯಿಸುತ್ತಾರೆ? ಕೊನೆಯದು ಟರ್ನೋವರ್ ಅನ್ನೋ ಅಂಕಿಯಲ್ಲಿ ಗೊತ್ತಾಗುತ್ತದೆ. 100% ಅಂದರೆ ಹೆಚ್ಚುಕಮ್ಮಿ ಇಡೀ ಪೋರ್ಟ್‌ಫೋಲಿಯೋ ಒಂದು ವರ್ಷದಲ್ಲಿ ಬದಲಾಗಿದೆ ಅಂತ. ಸಣ್ಣ ಷೇರುಗಳಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಜಾಸ್ತಿ ಇರುವುದರಿಂದ ಪ್ರತಿ ಬದಲಾವಣೆಗೂ ಹಣ ಸೋರುತ್ತದೆ, ಅದು ಎಕ್ಸ್‌ಪೆನ್ಸ್ ರೇಶಿಯೋದಲ್ಲಿ, ಅಂದರೆ ಫಂಡ್ ವರ್ಷಕ್ಕೆ ಹಿಡಿದುಕೊಳ್ಳುವ ಶುಲ್ಕದಲ್ಲಿ, ಕಾಣಿಸುವುದೂ ಇಲ್ಲ.

ಎಕ್ಸ್‌ಪೆನ್ಸ್ ರೇಶಿಯೋ ಬಗ್ಗೆ ಒಂದೇ ಲೆಕ್ಕ ಸಾಕು. 100 ಹಾಕಿದ್ದೀರಿ, ವರ್ಷಕ್ಕೆ 8% ಬೆಳೆಯಿತು ಅಂದರೆ 20 ವರ್ಷಕ್ಕೆ ಸುಮಾರು 466 ಆಗುತ್ತದೆ. ಶುಲ್ಕ ಒಂದೇ ಒಂದು ಶೇಕಡಾ ಜಾಸ್ತಿ ಇದ್ದು 7% ಉಳಿದರೆ ಸುಮಾರು 387. ನೀವು ಹಾಕಿದ್ದೇ 100, ಕೈತಪ್ಪಿದ್ದು 79. ಡೈರೆಕ್ಟ್ ಪ್ಲಾನ್ ಅಂತ ಏಜೆಂಟ್ ಕಮಿಷನ್ ಇಲ್ಲದ ಆಯ್ಕೆ ಇದ್ದರೆ ಅದನ್ನೇ ತೆಗೆದುಕೊಳ್ಳಿ.

ಹಣ ಹಾಕುವ ಮುಂಚೆ ಈ ಕಾಲಗಳನ್ನು ಓದಿಕೊಳ್ಳಿ

1998, 1999ರಲ್ಲಿ ಇಂಟರ್ನೆಟ್ ಕಂಪನಿಗಳ ಷೇರುಗಳು ಗಗನಕ್ಕೆ ಏರುತ್ತಿದ್ದಾಗ ಸಣ್ಣ, ಅಗ್ಗದ ಕಂಪನಿಗಳ ಫಂಡ್ ಹಿಡಿದವರು ಎಲ್ಲರಿಗಿಂತ ಹಿಂದೆ ಉಳಿದಿದ್ದರು. ಆಮೇಲೆ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್‌ನ ಎತ್ತರದಿಂದ 2002ರ ಅಕ್ಟೋಬರ್ ಹೊತ್ತಿಗೆ ಸುಮಾರು 78% ಬಿತ್ತು. 2000 ಮತ್ತು 2001, ಎರಡೂ ವರ್ಷ ರಸೆಲ್ 2000 ವ್ಯಾಲ್ಯೂ ಸೂಚ್ಯಂಕ ಲಾಭದಲ್ಲೇ ಇತ್ತು. ಕಾದವರಿಗೆ ಫಲ ಸಿಕ್ಕಿತು, 1999ರ ಕೊನೆಯಲ್ಲಿ ಬೇಸತ್ತು ಹೊರಗೆ ಬಂದವರಿಗೆ ಸಿಗಲಿಲ್ಲ.

ಇದನ್ನು ಓದಿ ಖುಷಿಪಡುವ ಮುಂಚೆ ಮುಂದಿನದ್ದನ್ನೂ ನೋಡಿ. 2007ರಿಂದ 2009ರ ಮಾರ್ಚ್‌ವರೆಗಿನ ಕುಸಿತದಲ್ಲಿ ಅಮೆರಿಕದ ಸಣ್ಣ ಕಂಪನಿಗಳ ಸೂಚ್ಯಂಕಗಳು ಅರ್ಧಕ್ಕಿಂತ ಜಾಸ್ತಿ ಕರಗಿದವು. ಅರ್ಧ ಕರಗಿದ್ದನ್ನು ಮತ್ತೆ ಮೊದಲಿನ ಜಾಗಕ್ಕೆ ತರೋಕೆ 100% ಏರಬೇಕು. ಅದಾದ ಮೇಲೆ 2020ರವರೆಗೂ ಅಗ್ಗದ ಷೇರುಗಳು ದೊಡ್ಡ ಟೆಕ್ ಕಂಪನಿಗಳ ಮುಂದೆ ಸೋಲುತ್ತಲೇ ಇದ್ದವು. ಒಂದು ದಶಕಕ್ಕೂ ಮೀರಿದ ಕಾಲ. ವ್ಯಾಲ್ಯೂ ಕಥೆ ಮುಗಿಯಿತು ಅಂತ ಎಲ್ಲರೂ ಬರೆದರು. 2020ರ ನವೆಂಬರ್‌ನಲ್ಲಿ ಕೋವಿಡ್ ಲಸಿಕೆ ಕೆಲಸ ಮಾಡುತ್ತದೆ ಅನ್ನೋ ಸುದ್ದಿ ಬಂದ ದಿನದಿಂದ ಇದೇ ಷೇರುಗಳು ಎದ್ದು ಓಡಿದವು.

ಆದ್ದರಿಂದ ಹತ್ತು ವರ್ಷದೊಳಗೆ ಬೇಕಾಗುವ ಹಣವನ್ನು ಇಲ್ಲಿ ಹಾಕಬೇಡಿ. ಮಕ್ಕಳ ಫೀಸ್, ಮನೆ ಕಟ್ಟುವ ಹಣ, ಆಸ್ಪತ್ರೆಗೆ ಅಂತ ಎತ್ತಿಟ್ಟ ಹಣ, ಯಾವುದೂ ಬೇಡ. ಹತ್ತು ವರ್ಷ ಇಟ್ಟರೂ ಗೆಲ್ಲುತ್ತೇವೆ ಅನ್ನೋ ಖಾತ್ರಿ ಇಲ್ಲ ಅನ್ನೋದು ಗೊತ್ತಿದ್ದೇ ಬನ್ನಿ.

ಎಷ್ಟು, ಹೇಗೆ

ನಿಮ್ಮ ಒಟ್ಟು ಷೇರು ಹೂಡಿಕೆಯಲ್ಲಿ 10ರಿಂದ 20% ಮೀರಬೇಡಿ ಅಂತ ನಾನು ಹೇಳುತ್ತೇನೆ. ಇದು ನಿಯಮ ಅಲ್ಲ, ಮನಸ್ಸಿನ ಲೆಕ್ಕ. 15% ಇಲ್ಲಿದ್ದು ಅದು ಅರ್ಧ ಆದರೆ ಒಟ್ಟು ಹೂಡಿಕೆಯಲ್ಲಿ 7.5% ಹೋಗುತ್ತದೆ, ಬೇಜಾರಾಗುತ್ತದೆ ಆದರೆ ನಿದ್ದೆ ಬರುತ್ತದೆ. 60% ಇಲ್ಲಿದ್ದರೆ 30% ಹೋಗುತ್ತದೆ, ಆಗ ಹೆಚ್ಚಿನವರು ಅತಿ ಕೆಟ್ಟ ದಿನವೇ ಮಾರಿ ಹೊರಗೆ ಬರುತ್ತಾರೆ. ಮಿಕ್ಕ ಹಣ ವಿಶಾಲವಾದ ಇಂಡೆಕ್ಸ್ ಫಂಡ್‌ನಲ್ಲಿ ಇರಲಿ. ಇಂಥ ಫಂಡ್ ಒಂದೇ ಸಾಕು. ಮೂರು ನಾಲ್ಕು ತಗೊಂಡರೆ ಒಳಗೆ ಅವೇ ಕಂಪನಿಗಳು ಮತ್ತೆ ಮತ್ತೆ ಬರುತ್ತವೆ.

ತಿಂಗಳಿಗಿಷ್ಟು ಅಂತ ಎಸ್‌ಐಪಿ ಮಾಡಬಹುದು, ಒಟ್ಟು ಮೊತ್ತ ಕೈಯಲ್ಲಿದ್ದರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕಂತು ಕಂತಾಗಿ ಹಾಕಬಹುದು. ಎರಡರಲ್ಲಿ ಯಾವುದಾದರೂ ಆಗಲಿ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ಒಂದು ವಿಷಯ ಮಾತ್ರ: ಎಸ್‌ಐಪಿ ಮಾಡಿದರೆ ನಷ್ಟ ಆಗುವುದಿಲ್ಲ ಅನ್ನೋದು ಸುಳ್ಳು. ಕೊಳ್ಳುವ ಬೆಲೆ ಸರಾಸರಿ ಆಗುತ್ತದೆ ಅಷ್ಟೇ.

ನಿಜವಾಗಿ ಕೆಲಸಕ್ಕೆ ಬರುವುದು ರೀಬ್ಯಾಲೆನ್ಸ್, ಅಂದರೆ ಹಣವನ್ನು ಮತ್ತೆ ಮೊದಲು ಅಂದುಕೊಂಡ ಪಾಲಿಗೆ ತರುವುದು. ಒಟ್ಟು 1,00,000 ಇದೆ, ಅದರಲ್ಲಿ 15,000 ಈ ಫಂಡ್‌ನಲ್ಲಿ, 85,000 ಬೇರೆ ಕಡೆ. ವರ್ಷದ ಕೊನೆಗೆ ಈ ಫಂಡ್ 40% ಬಿದ್ದು 9,000 ಆಯಿತು, ಮಿಕ್ಕಿದ್ದು ಹಾಗೇ ಇದೆ. ಈಗ ಒಟ್ಟು 94,000. ಅದರ 15% ಅಂದರೆ 14,100. ಹಾಗಾದರೆ ಬೇರೆ ಕಡೆಯಿಂದ 5,100 ತಂದು ಇಲ್ಲಿ ಹಾಕಬೇಕು. ಬಿದ್ದಿರುವಾಗ ಹಾಕೋಕೆ ಕೈ ನಡುಗುತ್ತದೆ, ಆದರೆ ಅಗ್ಗದ ಷೇರು ಕೊಳ್ಳೋಕೆ ಅಂತಲೇ ಬಂದವರು ನಾವು. ಏರಿದಾಗ ಇದರ ಉಲ್ಟಾ ಮಾಡಬೇಕು, 15% ಹೋಗಿ 24% ಆಗಿದ್ದರೆ ಹೆಚ್ಚಿದ್ದನ್ನು ತೆಗೆದು ಮಿಕ್ಕ ಕಡೆ ಹಾಕಿ. ವರ್ಷಕ್ಕೆ ಒಂದು ಸಲ, ಒಂದು ಗೊತ್ತಾದ ತಿಂಗಳಲ್ಲಿ ಮಾಡಿದರೆ ಸಾಕು. ಪ್ರತಿ ತಿಂಗಳೂ ಹೊಸ ಹಣ ಹಾಕುವವರಾದರೆ ಮಾರುವ ಗೋಜೇ ಬೇಡ, ಹೊಸ ಹಣವನ್ನು ಕಡಿಮೆ ಆಗಿರುವ ಕಡೆಗೆ ತಿರುಗಿಸಿ, ತೆರಿಗೆಯೂ ಉಳಿಯುತ್ತದೆ.

ಕೊಂಡ ಮೇಲೆ

ದಿನಾ ಎನ್‌ಎವಿ ನೋಡಬೇಡಿ. ವರ್ಷಕ್ಕೊಮ್ಮೆ ರೀಬ್ಯಾಲೆನ್ಸ್ ಮಾಡುವ ದಿನ ಫ್ಯಾಕ್ಟ್‌ಶೀಟ್ ಮತ್ತೆ ತೆರೆದು ಅವೇ ವಿಷಯಗಳನ್ನು ನೋಡಿ: ಸ್ಟೈಲ್ ಬಾಕ್ಸ್‌ನಲ್ಲಿ ಅದೇ ಮೂಲೆಯಲ್ಲಿದೆಯಾ, ಪಿಇ ಸೂಚ್ಯಂಕಕ್ಕಿಂತ ಇನ್ನೂ ಕೆಳಗಿದೆಯಾ, ಫಂಡ್ ಎಷ್ಟು ದಪ್ಪವಾಗಿದೆ, ಮ್ಯಾನೇಜರ್ ಅವರೇನಾ, ಶುಲ್ಕ ಏರಿದೆಯಾ. ಈಗ ಬೇಕಾದರೆ ಆ ದಪ್ಪಕ್ಷರದ ರಿಟರ್ನ್ ಕೂಡ ನೋಡಿ, ಆದರೆ ಹೋಲಿಸಬೇಕಾದ್ದು ಸ್ಮಾಲ್ ಕ್ಯಾಪ್ ವ್ಯಾಲ್ಯೂ ಸೂಚ್ಯಂಕದ ಜೊತೆ. ಎಲ್ಲ ವ್ಯಾಲ್ಯೂ ಷೇರುಗಳೂ ಬಿದ್ದಿರುವ ವರ್ಷ ನಿಮ್ಮ ಫಂಡೂ ಬಿದ್ದಿದ್ದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಎಲ್ಲ ಬಿದ್ದಿರುವಾಗ ನಿಮ್ಮದೊಂದೇ ಏರಿದ್ದರೆ ಖುಷಿಗಿಂತ ಮುಂಚೆ ಅನುಮಾನ ಬರಬೇಕು, ಒಳಗೆ ಬೇರೆ ಏನೋ ಕೊಂಡಿದ್ದಾರೆ.

ಹೊರಗೆ ಬರೋಕೆ ಸರಿಯಾದ ಕಾರಣಗಳು ಕೆಲವೇ. ಫಂಡ್ ತನ್ನ ದಾರಿ ಬಿಟ್ಟು ಎರಡು ವರ್ಷವಾದರೂ ವಾಪಸ್ ಬಂದಿಲ್ಲ. ಗಾತ್ರ ಹಲವು ಪಟ್ಟು ಬೆಳೆದು ದೊಡ್ಡ ಕಂಪನಿಗಳ ಕಡೆ ಸರಿದಿದೆ. ನೀವು ನಂಬಿದ್ದ ಮ್ಯಾನೇಜರ್ ಬಿಟ್ಟು ಹೋಗಿ ಹೊಸಬರು ಬೇರೆ ಥರ ಕೊಳ್ಳುತ್ತಿದ್ದಾರೆ. ಇಲ್ಲವೇ ನಿಮಗೆ ಹಣ ಬೇಕಾಗುವ ಕಾಲ ಹತ್ತಿರ ಬಂತು. ಕೊನೆಯದಕ್ಕೆ ಮೂರು ನಾಲ್ಕು ವರ್ಷ ಮುಂಚೆಯೇ ಕಂತಿನಲ್ಲಿ ತೆಗೆಯೋಕೆ ಶುರು ಮಾಡಿ, ಯಾಕೆಂದರೆ ಬೇಕಾದ ವರ್ಷವೇ ಮಾರುಕಟ್ಟೆ ಬಿದ್ದಿದ್ದರೆ ಕಾಯುವ ಅವಕಾಶ ಇರುವುದಿಲ್ಲ. ತೆಗೆಯುವ ಮುಂಚೆ ಎಕ್ಸಿಟ್ ಲೋಡ್ (ಬೇಗ ಹೊರಗೆ ಬಂದರೆ ಹಿಡಿಯುವ ಶುಲ್ಕ) ಎಷ್ಟು ದಿನದವರೆಗೆ ಇದೆ, ಎಷ್ಟು ಕಾಲ ಇಟ್ಟರೆ ತೆರಿಗೆ ಕಡಿಮೆಯಾಗುತ್ತದೆ ಅಂತ ನೋಡಿಕೊಳ್ಳಿ. ಎಸ್‌ಐಪಿಯಲ್ಲಿ ಈ ಲೆಕ್ಕ ಪ್ರತಿ ಕಂತಿಗೂ ಬೇರೆ ಬೇರೆ, ಸಾಮಾನ್ಯವಾಗಿ ಮೊದಲು ಹಾಕಿದ ಯೂನಿಟ್‌ಗಳು ಮೊದಲು ಹೊರಗೆ ಹೋಗುತ್ತವೆ. ಹಾಗಾಗಿ ಇತ್ತೀಚಿನ ಕಂತುಗಳು ಎಕ್ಸಿಟ್ ಲೋಡ್ ಅವಧಿಯಲ್ಲಿದ್ದರೂ ಹಳೆಯ ಯೂನಿಟ್‌ಗಳಷ್ಟನ್ನು ಮಾತ್ರ ತೆಗೆದು ಉಳಿದಿದ್ದನ್ನು ಕೆಲವು ತಿಂಗಳು ಬಿಟ್ಟು ತೆಗೆಯಬಹುದು.